ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಬೇಕು, ಆರೋಗ್ಯ ವಿಮೆಯಿಂದ ಹಣ ಬರುತ್ತದೆಯೇ?

ಕುಮಟಾ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಮೇಲಿನ ಮುಂದಿನ ಹಲ್ಲುಗಳು ತುಂಬಾ ಮುಂದಕ್ಕೆ ಬಂದಿವೆ, ತುಟಿ ಪೂರ್ತಿ ಮುಚ್ಚುವುದಿಲ್ಲ. ಡಾಕ್ಟರ್ ಅಳತೆ ತೆಗೆದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ 7 ಮಿಲಿಮೀಟರ್ ಅಂತರ ಇದೆ, ಈಗಲೇ ಕ್ಲಿಪ್ ಹಾಕಿಸಿ ಎಂದರು. ಲೋಹದ ಕ್ಲಿಪ್ಪಿಗೆ 45 ಸಾವಿರ, ಹಲ್ಲಿನ ಬಣ್ಣದ್ದಕ್ಕೆ 65 ಸಾವಿರ. ಎಕ್ಸ್‌ರೇ, ಹಲ್ಲು ಕೀಳುವ ಖರ್ಚು ಬೇರೆ.

ಹೋದ ವಾರವಷ್ಟೇ ಮನೆಯವರು ನಾಲ್ಕೂ ಜನರಿಗೆ ಸೇರಿ 5 ಲಕ್ಷದ ಆರೋಗ್ಯ ವಿಮೆ ಮಾಡಿಸಿದ್ದಾರೆ. ಕ್ಲಿಪ್ ವಿಷಯ ಏಜೆಂಟಿಗೆ ಮೊದಲೇ ಹೇಳಿದ್ದೆವು. "ಹೊರರೋಗಿ ಚಿಕಿತ್ಸೆಯ ರೈಡರ್ ಸೇರಿಸಿ, ಅದರಲ್ಲಿ ಡೆಂಟಲ್ ಇದೆ, ಕ್ಲಿಪ್ಪಿಗೂ ಬರುತ್ತದೆ" ಎಂದರು. ರೈಡರ್ ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯವಂತೆ, ಅದಕ್ಕೆ ಅಂತಲೇ ವರ್ಷಕ್ಕೆ 5,800 ರೂಪಾಯಿ ಜಾಸ್ತಿ ಕಟ್ಟಿದ್ದೇವೆ. ಈಗ ಪಾಲಿಸಿ ಕಾಗದ ಬಂದಿದೆ, ಪೂರ್ತಿ ಇಂಗ್ಲಿಷು. ನಮ್ಮದು ಸಣ್ಣ ಅಂಗಡಿ. ಈ ಹಣ ನಮಗೆ ಸಣ್ಣದಲ್ಲ. ನಿಜವಾಗಿ ಬರುತ್ತದೆಯೇ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಳಿದಂಡೆ (ಕಾರವಾರ):

ನಾನು ಬಹಳ ವರ್ಷ ಕ್ಲೇಮ್ ನೋಡುವ ಕೆಲಸ ಮಾಡಿದ್ದೇನೆ. ಅಕ್ಕಾ, ನೇರವಾಗಿ ಹೇಳುತ್ತೇನೆ. ನಮ್ಮ ದೇಶದ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಕ್ಲಿಪ್ಪಿಗೆ ಹಣ ಬರುವುದಿಲ್ಲ. ರೈಡರ್ ಇದ್ದರೂ ಬರುವ ಸಾಧ್ಯತೆ ತೀರಾ ಕಡಿಮೆ.

ಕಾರಣ ಹೀಗಿದೆ. ನಮ್ಮ ಪಾಲಿಸಿಗಳು ಮುಖ್ಯವಾಗಿ ಆಸ್ಪತ್ರೆಗೆ ಸೇರಿದ ಖರ್ಚಿಗೆ ಇರುವಂಥವು. 24 ಗಂಟೆ ಅಡ್ಮಿಟ್ ಆಗಿರಬೇಕು, ಇಲ್ಲವೇ ಡೇ ಕೇರ್ ಎಂದು ಕರೆಯುವ, ಅದೇ ದಿನ ಮನೆಗೆ ಕಳಿಸುವ ಆಪರೇಷನ್ನಿನಂಥ ಚಿಕಿತ್ಸೆ ಆಗಿರಬೇಕು. ಕ್ಲಿಪ್ ಹಾಕುವುದು ಕ್ಲಿನಿಕ್ಕಿನ ಕುರ್ಚಿಯ ಮೇಲೆ, ತಿಂಗಳಿಗೊಮ್ಮೆ ಹೋಗಿ ಬಿಗಿ ಮಾಡಿಸುವ ಕೆಲಸ. ಮೊದಲ ಮೆಟ್ಟಿಲಲ್ಲೇ ಹೊರಗೆ ಬೀಳುತ್ತದೆ. ಇನ್ನು ಹಲ್ಲಿನ ಚಿಕಿತ್ಸೆಯನ್ನು ಹೆಚ್ಚಿನ ಪಾಲಿಸಿಗಳು ಬೇರೆಯಾಗಿ ಹೆಸರಿಸಿ ಹೊರಗಿಡುತ್ತವೆ. ಅಪಘಾತದಿಂದ ಆಗಿ ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುತ್ತಿರುವ ಆರೋಗ್ಯ ಸಂಜೀವನಿ ಎಂಬ ಒಂದೇ ನಮೂನೆಯ ಪಾಲಿಸಿ ಇದೆ. ಅದರಲ್ಲಿ ಕಾಯಿಲೆ ಅಥವಾ ಗಾಯದಿಂದ ಬೇಕಾದ ಹಲ್ಲಿನ ಚಿಕಿತ್ಸೆ ಸೇರಿದೆ. ಆದರೆ ಅದೂ ಆಸ್ಪತ್ರೆಗೆ ಸೇರಿದ ಲೆಕ್ಕದಲ್ಲೇ.

ಕಂಪನಿಯ ಕಡೆಯಿಂದಲೂ ನೋಡಿ. ಯಾವಾಗ ಬರುತ್ತದೋ ಗೊತ್ತಿಲ್ಲದ ಖರ್ಚಿಗೆ ವಿಮೆ. ಕ್ಲಿಪ್ ಹಾಗಲ್ಲ. ಹಾಕಿಸುವುದು ಎಂದು ತೀರ್ಮಾನ ಮಾಡಿದವರೇ ಪಾಲಿಸಿ ಕೊಳ್ಳಲು ಬರುತ್ತಾರೆ. ಖರ್ಚು ಎಷ್ಟು ಅನ್ನುವುದೂ ಮೊದಲೇ ಗೊತ್ತು. ಅದನ್ನು ಸೇರಿಸಿದರೆ ಪ್ರೀಮಿಯಂ ಹೆಚ್ಚುಕಡಿಮೆ ಕ್ಲಿಪ್ಪಿನ ಬೆಲೆಗೇ ಬಂದು ನಿಲ್ಲುತ್ತದೆ.

ನಿಮ್ಮ ರೈಡರಿನ ಪುಟ ತೆಗೆಯಿರಿ. ಡೆಂಟಲ್ ಎಂಬ ಶಬ್ದ ಸಿಕ್ಕಿದ ಕೂಡಲೇ ನಿಲ್ಲಬೇಡಿ. ಅದರ ಕೆಳಗೆ ಆರ್ಥೊಡಾಂಟಿಕ್ (ಹಲ್ಲಿನ ಸಾಲು ಸರಿಪಡಿಸುವ ಚಿಕಿತ್ಸೆ), ಬ್ರೇಸಸ್ (ಕ್ಲಿಪ್), ಅಲೈನರ್ (ತೆಗೆದು ಹಾಕುವ ಪಾರದರ್ಶಕ ಅಚ್ಚು), ಕಾಸ್ಮೆಟಿಕ್ (ಚಂದಕ್ಕೆ ಮಾಡುವುದು) ಅನ್ನುವ ಶಬ್ದಗಳು ಎಲ್ಲಿವೆ ನೋಡಿ. ಜೊತೆಗೆ ವರ್ಷದ ಮಿತಿ ಎಷ್ಟು ಎಂದು ನೋಡಿ. ಆ ಪುಟದಲ್ಲಿ ಏನಿದೆ ಎಂದು ಇಲ್ಲಿ ಬರೆಯಿರಿ, ಹೇಳುತ್ತೇನೆ.

ಕುಮಟಾ ಅಮ್ಮ:

ಮಗಳನ್ನೇ ಕೂರಿಸಿಕೊಂಡು ಓದಿಸಿದೆ. ಡಾಕ್ಟರ್ ಫೀ, ಎಕ್ಸ್‌ರೇ, ಹಲ್ಲು ಕೀಳುವುದು, ರೂಟ್ ಕೆನಾಲ್ ಇದೆ. ವರ್ಷಕ್ಕೆ ಎಲ್ಲ ಸೇರಿ ಮಿತಿ 7,500. ಕೆಳಗೆ ಸಣ್ಣ ಅಕ್ಷರದಲ್ಲಿ ಆರ್ಥೊಡಾಂಟಿಕ್ ಚಿಕಿತ್ಸೆ ಮತ್ತು ಕಾಸ್ಮೆಟಿಕ್ ಡೆಂಟಲ್ ಇಲ್ಲ ಎಂದಿದೆ. ಏಜೆಂಟಿಗೆ ಫೋನ್ ಮಾಡಿದರೆ "ಮೂರು ವರ್ಷ ಕಾಯಿರಿ, ವೇಟಿಂಗ್ ಮುಗಿದ ಮೇಲೆ ಬರುತ್ತದೆ" ಅನ್ನುತ್ತಿದ್ದಾರೆ. ಇದು ನಿಜವೇ?

ಕಾಳಿದಂಡೆ (ಕಾರವಾರ):

ನಿಜ ಅಲ್ಲ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಪಟ್ಟಿ ಇರುತ್ತವೆ. ಒಂದು ಕಾಯುವ ಅವಧಿಯದು. ಮೊದಲೇ ಇದ್ದ ಕಾಯಿಲೆಗೆ ಕಂಪನಿ ಇಂತಿಷ್ಟು ಕಾಲ ಕೊಡುವುದಿಲ್ಲ, ಆಮೇಲೆ ಕೊಡುತ್ತದೆ. 2024ರ ನಿಯಮದ ಪ್ರಕಾರ ಈ ಅವಧಿ 36 ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ಇನ್ನೊಂದು, ಪಾಲಿಸಿಯಲ್ಲಿ ಯಾವತ್ತೂ ಸೇರದ ಖರ್ಚುಗಳ ಪಟ್ಟಿ. ಅದರಲ್ಲಿದ್ದದ್ದಕ್ಕೆ ಮೂರು ವರ್ಷ ಕಾದರೂ ಇಲ್ಲ, ಮೂವತ್ತು ವರ್ಷ ಕಾದರೂ ಇಲ್ಲ. ನಿಮ್ಮ ಕ್ಲಿಪ್ ಎರಡನೇ ಪಟ್ಟಿಯಲ್ಲಿದೆ. ಸುಮ್ನೆ ಕಾದು ಮಗುವಿನ ವಯಸ್ಸು ಕಳೆಯಬೇಡಿ.

ಹಿರೇಗುತ್ತಿ:

ಇದಕ್ಕೆಲ್ಲ ಒಂದು ದಾರಿ ಇದೆ. ರೂಟ್ ಕೆನಾಲ್ ಬರುತ್ತದೆ ಅಂತಾಯಿತಲ್ಲ. ಕ್ಲಿನಿಕ್ಕಿನಲ್ಲಿ ಪರಿಚಯ ಇದ್ದರೆ ಎರಡು ವರ್ಷ ರೂಟ್ ಕೆನಾಲ್ ಅಂತ ಬಿಲ್ ಬರೆಸಿಕೊಳ್ಳಿ. ನಮ್ಮ ಕಡೆ ಒಬ್ಬರು ಹಾಗೆ ಮಾಡಿದ್ದಾರೆ.

ಹಲ್ಲುವೈದ್ಯೆ (ಹೊನ್ನಾವರ):

ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಅದು ವಂಚನೆ. ಬರೆದುಕೊಟ್ಟ ಡಾಕ್ಟರ್ ಕೂಡ ಸಿಕ್ಕಿಬೀಳುತ್ತಾರೆ. ಹಲ್ಲಿನ ಎಕ್ಸ್‌ರೇ ಕೇಳಿದರೆ ರೂಟ್ ಕೆನಾಲ್ ಆಗಿದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಕಾಣುತ್ತದೆ.

ಕಾಳಿದಂಡೆ (ಕಾರವಾರ):

ಡಾಕ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪಾಲಿಸಿ 60 ತಿಂಗಳು ಬಿಡದೆ ನಡೆದರೆ, ಆಮೇಲೆ ಕಂಪನಿ ಹಳೆಯ ವಿಷಯ ಕೆದಕಿ ಕ್ಲೇಮ್ ನಿರಾಕರಿಸುವಂತಿಲ್ಲ. ಆ ರಕ್ಷಣೆ ಕೂಡ ವಂಚನೆ ಸಾಬೀತಾದರೆ ಸಿಗುವುದಿಲ್ಲ. 7,500 ರೂಪಾಯಿಗೆ ಸುಳ್ಳು ಬಿಲ್ ಕೊಟ್ಟು, ನಾಳೆ ಮನೆಯಲ್ಲಿ ಯಾರಿಗಾದರೂ ಹೃದಯದ ಆಪರೇಷನ್ ಬಂದಾಗ 5 ಲಕ್ಷದ ಪಾಲಿಸಿಯೇ ರದ್ದಾಗಿದ್ದರೆ? ಹಾಗೆಂದು ರೈಡರ್ ಇರುವಷ್ಟು ದಿನ ಎಕ್ಸ್‌ರೇ, ನಿಜವಾಗಿ ಕಿತ್ತ ಹಲ್ಲು, ಇವಕ್ಕೆ ಧೈರ್ಯವಾಗಿ ಕ್ಲೇಮ್ ಹಾಕಬಹುದು. ಅದು ನಿಮ್ಮ ಹಕ್ಕು. ಆದರೆ ಕ್ಲಿಪ್ಪಿನ ಸಲುವಾಗಿಯೇ ಕೀಳುವ ಹಲ್ಲು ಇದರಲ್ಲಿ ಸೇರುತ್ತದೆಯೇ ಎಂದು ಮೊದಲೇ ಇ-ಮೇಲ್ ಮಾಡಿ ಉತ್ತರ ಪಡೆದುಕೊಳ್ಳಿ. ಫೋನಿನ ಮಾತು ನಂಬಬೇಡಿ.

ಬನವಾಸಿ ಅಜ್ಜ:

ನಮ್ಮ ಕಾಲದಲ್ಲಿ ಉಬ್ಬುಹಲ್ಲು ಇದ್ದವರು ಎಷ್ಟೋ ಜನ. ಮದುವೆಯೂ ಆಯಿತು, ಮಕ್ಕಳೂ ಆದವು. ಈಗ ಎಲ್ಲರಿಗೂ ಕ್ಲಿಪ್. ಇದು ಚಂದಕ್ಕೆ ಮಾಡುವುದು, ಅಲ್ವಾ? ಚಂದಕ್ಕೆ ಮಾಡುವುದಕ್ಕೆ ವಿಮೆ ಯಾಕೆ ಕೊಡಬೇಕು?

ಹಲ್ಲುವೈದ್ಯೆ (ಹೊನ್ನಾವರ):

ಅಜ್ಜಾ, ಕೆಲವರಿಗೆ ಚಂದಕ್ಕೇ ನಿಜ. ಈ ಹುಡುಗಿಗೆ ಹಾಗಲ್ಲ. ಮುಂದಿನ ಹಲ್ಲು 6 ಮಿಲಿಮೀಟರ್‌ಗಿಂತ ಜಾಸ್ತಿ ಮುಂದಿದ್ದರೆ ಅದನ್ನು ನಾವು ಗಂಭೀರ ಎಂದೇ ನೋಡುತ್ತೇವೆ. ತುಟಿ ಮುಚ್ಚದ ಹಲ್ಲಿಗೆ ರಕ್ಷಣೆ ಇಲ್ಲ. ಸೈಕಲ್ಲಿಂದ ಬಿದ್ದರೆ, ಕಬಡ್ಡಿಯಲ್ಲಿ ಮೊಣಕೈ ತಾಗಿದರೆ ಮೊದಲು ಮುರಿಯುವುದು ಆ ಎರಡು ಹಲ್ಲು. ಮುರಿದ ಕಾಯಂ ಹಲ್ಲು ಮತ್ತೆ ಬರುವುದಿಲ್ಲ. ಹಲ್ಲು ಒಂದರ ಮೇಲೊಂದು ಏರಿದ್ದರೆ ಬ್ರಷ್ ಒಳಗೆ ಹೋಗುವುದಿಲ್ಲ, ಒಸಡು ಹಾಳಾಗುತ್ತದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಅಳತೆಗೋಲು ಇದೆ, ಐಓಟಿಎನ್ ಎಂದು. 1ರಿಂದ 5ರವರೆಗೆ ದರ್ಜೆ. 4 ಮತ್ತು 5 ಬಂದರೆ 18 ವರ್ಷದೊಳಗಿನ ಮಕ್ಕಳಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಕ್ಲಿಪ್ ಉಚಿತ. 3 ಬಂದರೆ ಹಲ್ಲು ನೋಡಲು ಹೇಗಿದೆ ಎಂದೂ ಪರಿಗಣಿಸುತ್ತಾರೆ. 7 ಮಿಲಿಮೀಟರ್ ಅಂದರೆ 4ನೇ ದರ್ಜೆ. ಇದೇ ಹುಡುಗಿ ಅಲ್ಲಿದ್ದಿದ್ದರೆ ಅವಳ ಅಮ್ಮ ಈ ಪ್ರಶ್ನೆಯನ್ನೇ ಕೇಳಬೇಕಿರಲಿಲ್ಲ. ಚಂದಕ್ಕೆ ಯಾವುದು, ಅಗತ್ಯಕ್ಕೆ ಯಾವುದು ಎಂದು ಅಳೆಯಲು ಆಗುತ್ತದೆ. ನಮ್ಮಲ್ಲಿ ಅಳೆಯದೆಯೇ ಎಲ್ಲವನ್ನೂ ಒಟ್ಟಿಗೆ ಹೊರಗಿಟ್ಟಿದ್ದಾರೆ. ನನಗೆ ಬೇಸರ ಇರುವುದು ಅದಕ್ಕೆ.

ಬನವಾಸಿ ಅಜ್ಜ:

ಇದು ನನಗೆ ತಿಳಿದಿರಲಿಲ್ಲ ಡಾಕ್ಟರೇ. ಹಾಗಾದರೆ ಹಾಕಿಸಲಿ.

ಶರಾವತಿ ಮಗಳು (ಈಗ ನ್ಯೂಜೆರ್ಸಿ):

ನನ್ನ ಊರು ಹೊನ್ನಾವರದ ಹತ್ತಿರ. ಅಮೆರಿಕದಲ್ಲಿ ಬರುತ್ತದೆ ಎಂದು ಊರಿನಲ್ಲಿ ಎಲ್ಲರೂ ಹೇಳುವುದು ಕೇಳಿದ್ದೇನೆ. ಪೂರ್ತಿ ಬರುವುದಿಲ್ಲ. ಇಲ್ಲಿ ಹಲ್ಲಿಗೆ ಬೇರೆಯೇ ವಿಮೆ, ಕೆಲಸದ ಕಡೆಯಿಂದ ಸಿಗುತ್ತದೆ. ಕ್ಲಿಪ್ಪಿಗೆ ಸಾಮಾನ್ಯವಾಗಿ ಅರ್ಧ ಖರ್ಚು, ಅದೂ ಜೀವಮಾನಕ್ಕೆ ಒಂದು ಮಿತಿಯೊಳಗೆ. ನಮ್ಮ ಪ್ಲಾನಿನಲ್ಲಿ 1,500 ಡಾಲರ್. ಮಗನ ಕ್ಲಿಪ್ಪಿಗೆ ಆಗಿದ್ದು 6,000 ಡಾಲರ್. ಉಳಿದದ್ದು ನಾವೇ ಕಟ್ಟಿದೆವು. ಎಷ್ಟೋ ಪ್ಲಾನುಗಳಲ್ಲಿ 19 ವರ್ಷದ ಮೇಲಿನವರಿಗೆ ಇಲ್ಲ. ಮೊದಲ 12 ತಿಂಗಳು ಕಾಯಬೇಕಾದವೂ ಇವೆ. ಹಣವನ್ನೂ ಒಟ್ಟಿಗೆ ಕೊಡುವುದಿಲ್ಲ, ಚಿಕಿತ್ಸೆ ನಡೆದಂತೆ ಕಂತಿನಲ್ಲಿ ಕೊಡುತ್ತಾರೆ. ಮಧ್ಯೆ ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಬಡವರ ಮಕ್ಕಳಿಗೆ ಸರ್ಕಾರದ ಮೆಡಿಕೈಡ್ ಇದೆ, ಆದರೆ ವೈದ್ಯಕೀಯ ಅಗತ್ಯ ಎಂದು ತೋರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಲ್ಲಿನ ತೊಂದರೆಗೆ ಅಂಕ ಹಾಕಿ 26 ಬಂದರೆ ಮಂಜೂರು ಮಾಡುತ್ತಾರೆ.

ಅಂಕೋಲೆ ಮೇಷ್ಟ್ರು:

ನಾವು ಸರ್ಕಾರಿ ನೌಕರರು. ಜ್ಯೋತಿ ಸಂಜೀವಿನಿ ಬಂದಾಗ ನಮ್ಮಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅದು ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟಗಾಯ, ದೊಡ್ಡ ಅಪಘಾತ, ನವಜಾತ ಶಿಶು ಮತ್ತು ಮಕ್ಕಳ ಶಸ್ತ್ರಚಿಕಿತ್ಸೆ, ಹೀಗೆ 7 ವಿಭಾಗಕ್ಕೆ ಇದ್ದ ಯೋಜನೆ. ಕ್ಲಿಪ್ಪಿಗೆ ಜಾಗ ಇರಲಿಲ್ಲ. ಸಹಕಾರಿ ಸೊಸೈಟಿ ಸದಸ್ಯರ ಯಶಸ್ವಿನಿ ಯೋಜನೆಯೂ ಶಸ್ತ್ರಚಿಕಿತ್ಸೆಯ ಪಟ್ಟಿಯ ಮೇಲೆ ನಡೆಯುವಂಥದ್ದು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿಯಲ್ಲಿ 5 ಲಕ್ಷದ ರಕ್ಷಣೆ. ಅದನ್ನು ಖಂಡಿತ ಮಾಡಿಸಿ, ಆದರೆ ಹಲ್ಲಿನ ತಂತಿಗೆ ಅಂತ ಅಲ್ಲ.

ಹಳಿಯಾಳ ಅಪ್ಪ:

ಒಂದು ವಿಷಯ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮಗನಿಗೆ ಹುಟ್ಟಿನಿಂದ ಸೀಳುತುಟಿ, ಸೀಳಂಗಳ. ಇಂಥ ಮಕ್ಕಳ ಲೆಕ್ಕ ಬೇರೆ. ಅಂಗನವಾಡಿಗೂ ಶಾಲೆಗೂ ಬರುವ, ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ತಂಡ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ, ಸೀಳುತುಟಿ ಅವರ ಪಟ್ಟಿಯಲ್ಲೇ ಇದೆ. ಅವರು ಬರೆದುಕೊಟ್ಟರೆ ದೊಡ್ಡ ಆಸ್ಪತ್ರೆಯ ದಾರಿ ತೆರೆಯುತ್ತದೆ. ಸ್ಮೈಲ್ ಟ್ರೈನ್ ಸಂಸ್ಥೆಯ ಸಹಾಯದಲ್ಲಿ ಸೀಳುತುಟಿಯ ಆಪರೇಷನ್ ಉಚಿತವಾಗಿ ಮಾಡುವ ಆಸ್ಪತ್ರೆಗಳೂ ಇವೆ. ಧಾರವಾಡದ ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿನಲ್ಲಿ ಇದಕ್ಕೇ ಪ್ರತ್ಯೇಕ ಘಟಕ ಇದೆ. ಇಂಥ ಮಗು ಮನೆಯಲ್ಲಿದ್ದರೆ ಮೊದಲು ಅಲ್ಲಿ ವಿಚಾರಿಸಿ. ಪ್ರೈವೇಟ್ ಕ್ಲಿನಿಕ್ಕಿನ ರೇಟ್ ಕೇಳಿ ಕೈಚೆಲ್ಲಬೇಡಿ.

ಕಾಳಿದಂಡೆ (ಕಾರವಾರ):

ಬಹಳ ಒಳ್ಳೆಯ ಮಾಹಿತಿ. ಹಾಗಾದರೆ ಪಾಲಿಸಿ ಹಣ ಕೊಡುವ ಸಂದರ್ಭ ಯಾವುದು ಎಂದೂ ಹೇಳಿಬಿಡುತ್ತೇನೆ. ಮಗು ಬಿದ್ದು ದವಡೆ ಮುರಿದು ಅಡ್ಮಿಟ್ ಮಾಡಿದರೆ ಬರುತ್ತದೆ. ಬಿಡುಗಡೆ ಆದಮೇಲಿನ ಚಿಕಿತ್ಸೆಗೂ ಪಾಲಿಸಿಯಲ್ಲಿ ಹೇಳಿದಷ್ಟು ದಿನ ಬರುತ್ತದೆ, ಆರೋಗ್ಯ ಸಂಜೀವನಿಯಲ್ಲಿ ಅದು 60 ದಿನ. ದವಡೆಯ ಮೂಳೆಯನ್ನೇ ಸರಿಪಡಿಸುವ ಆಪರೇಷನ್ ಬೇಕಾದರೆ ಅಲ್ಲಿ ಕಾಸ್ಮೆಟಿಕ್ ನಿಯಮ ಎದುರಾಗುತ್ತದೆ. ರೂಪ ಬದಲಿಸುವ ಚಿಕಿತ್ಸೆಗೆ ಇಲ್ಲ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಮರುಜೋಡಣೆಗೆ ಇದೆ. ಆರೋಗ್ಯಕ್ಕೆ ನೇರ ಅಪಾಯ ಇದೆ ಎಂದು ಡಾಕ್ಟರ್ ಪ್ರಮಾಣೀಕರಿಸಿದರೂ ಇದೆ. ಹಾಗಿದ್ದೂ ನಿರಾಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮೆಯ ದೂರು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಫೀ ಇಲ್ಲ, ವಕೀಲರು ಬೇಡ.

ಇನ್ನು ಮನೆಯಲ್ಲಿ ಯಾರಾದರೂ ಬೆಂಗಳೂರಿನ ಕಂಪನಿಯಲ್ಲಿದ್ದು ಅವರ ಗ್ರೂಪ್ ಪಾಲಿಸಿಯಲ್ಲಿ ಮಕ್ಕಳ ಹೆಸರಿದ್ದರೆ, ಹೊರರೋಗಿ ಖರ್ಚಿನ ಸೌಲಭ್ಯ ಇದೆಯೇ ಎಂದು ಎಚ್‌ಆರ್‌ಗೆ ಕೇಳಿಸಿ. ಕಂಪನಿಗಳು ಬೇಕಾದಂತೆ ಬರೆಸಿಕೊಳ್ಳುವ ಪಾಲಿಸಿ ಅವು. ಕ್ಲಿಪ್ಪಿಗೆ ಏನಾದರೂ ಸಿಗುವುದಿದ್ದರೆ ಅಲ್ಲೇ. ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆಯವರಿಗೆ ತಮ್ಮದೇ ವೈದ್ಯಕೀಯ ವ್ಯವಸ್ಥೆ ಇದೆ, ಅವರು ಅಲ್ಲೇ ಕೇಳಬೇಕು.

ಕುಮಟಾ ಅಮ್ಮ:

ನಮ್ಮಲ್ಲಿ ಬೆಂಗಳೂರಿನವರು ಯಾರೂ ಇಲ್ಲ. ಹಾಗಾದರೆ ಈ ಪಾಲಿಸಿ ವಾಪಸ್ ಕೊಡಬೇಕೇ? ಮನೆಯವರು ಸಿಟ್ಟಿನಲ್ಲಿ ಪೂರ್ತಿ ರದ್ದು ಮಾಡುತ್ತೇನೆ ಅನ್ನುತ್ತಿದ್ದಾರೆ.

ಕಾಳಿದಂಡೆ (ಕಾರವಾರ):

ಪೂರ್ತಿ ರದ್ದು ಬೇಡ. ನಾಲ್ಕು ಜನರ ಸಂಸಾರಕ್ಕೆ ಆಸ್ಪತ್ರೆ ವಿಮೆ ಬೇಕೇ ಬೇಕು. ರೈಡರ್ ಮಾತ್ರ ನಿಮಗೆ ಉಪಯೋಗ ಇಲ್ಲ. 5,800 ಕಟ್ಟಿ ಗರಿಷ್ಠ 7,500 ಪಡೆಯುವ ಲೆಕ್ಕ ಅದು. ಪಾಲಿಸಿ ಕಾಗದ ಕೈಗೆ ಬಂದ ದಿನದಿಂದ 30 ದಿನ ವಾಪಸ್ ಮಾಡುವ ಅವಕಾಶ ಇದೆ. ರೈಡರ್ ತೆಗೆದು ಅದರ ಹಣ ಕೊಡಿ, ಏಜೆಂಟ್ ತಪ್ಪು ಹೇಳಿ ಮಾರಿದ್ದಾರೆ ಎಂದು ಕಂಪನಿಗೆ ಈ ವಾರವೇ ಇ-ಮೇಲ್ ಮಾಡಿ. ಒಪ್ಪದಿದ್ದರೆ ರೈಡರ್ ಇಲ್ಲದ ಇನ್ನೊಂದು ಪಾಲಿಸಿ ಕೈಗೆ ಬಂದಮೇಲೆ ಇದನ್ನು ವಾಪಸ್ ಮಾಡಿ. ಮಧ್ಯೆ ಖಾಲಿ ಇರಬೇಡಿ. ಮತ್ತೆ, ಪಾಲಿಸಿಯ ಸಾರಾಂಶದ ಹಾಳೆಯನ್ನು ಕನ್ನಡದಲ್ಲೇ ಕೊಡಿ ಎಂದು ಕೇಳಿ. ಗ್ರಾಹಕರು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂಬ ನಿಯಮ 2024ರ ಜನವರಿಯಿಂದ ಇದೆ. ಯಾರೂ ಕೇಳುವುದಿಲ್ಲ, ಅದಕ್ಕೇ ಯಾರೂ ಕೊಡುವುದಿಲ್ಲ.

ಶಿರಸಿ ತೋಟದವ:

ವಿಮೆಯ ಮಾತು ಮುಗಿಯಿತು ಅಂತಾದರೆ ಖರ್ಚಿನ ಮಾತು ಆಡೋಣ. ನನ್ನ ಇಬ್ಬರು ಮಕ್ಕಳಿಗೂ ಕ್ಲಿಪ್ ಆಗಿದೆ. ದೊಡ್ಡವಳಿಗೆ ಡೆಂಟಲ್ ಕಾಲೇಜಿನಲ್ಲಿ, ಸಣ್ಣವನಿಗೆ ಇಲ್ಲೇ ಪೇಟೆಯಲ್ಲಿ.

ಕಾಲೇಜಿನಲ್ಲಿ ಫೀ ಕಡಿಮೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಕೆಲಸ ಚೆನ್ನಾಗಿಯೇ ಇರುತ್ತದೆ, ಸಮಯ ಮಾತ್ರ ಜಾಸ್ತಿ ಹಿಡಿಯುತ್ತದೆ. ಘಟ್ಟದ ಮೇಲಿನ ನಮಗೆ ಧಾರವಾಡ ಹತ್ತಿರ. ಕಾರವಾರದವರಿಗೆ ಗೋವಾದ ಬಾಂಬೋಲಿಯಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಮಣಿಪಾಲ, ಉಡುಪಿವರೆಗೆ ರೈಲೂ ಇದೆ.

ಆದರೆ ಫೀ ಒಂದನ್ನೇ ನೋಡಬೇಡಿ. ಎರಡು ವರ್ಷ, ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು. ಪ್ರತಿ ಸಲ ಮಗುವಿಗೆ ಶಾಲೆ ತಪ್ಪುತ್ತದೆ, ಅಪ್ಪನಿಗೋ ಅಮ್ಮನಿಗೋ ಒಂದು ದಿನದ ದುಡಿಮೆ ತಪ್ಪುತ್ತದೆ. ಊಟ, ಬಸ್ಸು ಬೇರೆ. ತಂತಿ ಕಿತ್ತು ಕೆನ್ನೆಗೆ ಚುಚ್ಚಿದರೆ ಅದೇ ದಿನ ಓಡಬೇಕು. ಮಳೆಗಾಲದಲ್ಲಿ ನಮ್ಮ ರಸ್ತೆಗಳ ಗತಿ ಗೊತ್ತಲ್ಲ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದಾಗಿತ್ತು. ಇದನ್ನೆಲ್ಲ ಕೂಡಿದರೆ ಕುಮಟಾದವರಿಗೆ ಹತ್ತಿರದ 45 ಸಾವಿರವೇ ಅಗ್ಗ ಆಗಬಹುದು. ಲೆಕ್ಕ ಹಾಕಿ ನೋಡಿ.

ಇನ್ನೊಂದು ಮಾತು. ಎಂಟನೇ ಕ್ಲಾಸಿನಲ್ಲಿ ಶುರು ಮಾಡುವುದು ಸರಿಯಾದ ಹೊತ್ತು. ಹತ್ತನೇ ಕ್ಲಾಸು ಮುಗಿದ ಮೇಲೆ ನಮ್ಮ ಮಕ್ಕಳು ಪಿಯುಸಿಗೆ ಮೂಡುಬಿದಿರೆ, ಹುಬ್ಬಳ್ಳಿ, ಮಂಗಳೂರು ಎಂದು ಹಾಸ್ಟೆಲ್ ಸೇರುತ್ತಾರೆ. ಆಗ ಅರ್ಧ ಚಿಕಿತ್ಸೆ ಇಲ್ಲಿ, ಅರ್ಧ ಅಲ್ಲಿ ಆಗುತ್ತದೆ. ಹೊಸ ಡಾಕ್ಟರು ಬೇರೆಯವರ ಕೆಲಸ ಮುಂದುವರಿಸಲು ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಿದರೂ ಫೀ ಹೊಸದಾಗಿ.

ಹಲ್ಲುವೈದ್ಯೆ (ಹೊನ್ನಾವರ):

ತೋಟದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸೇರಿಸುವುದು ಇಷ್ಟು. ಕ್ಲಿಪ್ ಹಾಕುವವರು ಬಿಡಿಎಸ್ ಆದಮೇಲೆ ಆರ್ಥೊಡಾಂಟಿಕ್ಸ್‌ನಲ್ಲಿ 3 ವರ್ಷದ ಎಂಡಿಎಸ್ ಮಾಡಿದವರೇ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಎಷ್ಟೋ ಊರುಗಳಿಗೆ ತಜ್ಞರು ತಿಂಗಳಲ್ಲಿ ನಿಗದಿತ ದಿನ ಬಂದು ಹೋಗುತ್ತಾರೆ. ಹಾಗಿದ್ದರೆ ಮಧ್ಯೆ ತೊಂದರೆ ಬಂದಾಗ ಯಾರು ನೋಡುತ್ತಾರೆ ಎಂದು ಮೊದಲೇ ತಿಳಿದುಕೊಳ್ಳಿ.

ಲೋಹದ್ದೇ ಸಾಕು. ಕೆಲಸದಲ್ಲಿ ಅದು ಯಾವುದಕ್ಕೂ ಕಡಿಮೆ ಇಲ್ಲ, ಗಟ್ಟಿಯೂ ಹೌದು. ಫೋನಿನಲ್ಲಿ ಜಾಹೀರಾತು ನೋಡಿ ಮನೆಗೇ ತರಿಸುವ ಅಲೈನರ್ ಬೇಡ. 7 ಮಿಲಿಮೀಟರ್ ಇರುವ, ಇನ್ನೂ ಬೆಳೆಯುತ್ತಿರುವ ಮಗುವನ್ನು ಕಣ್ಣಾರೆ ನೋಡದೆ, ಎಕ್ಸ್‌ರೇ ತೆಗೆಯದೆ ಚಿಕಿತ್ಸೆ ಮಾಡುವುದು ಸರಿಯಲ್ಲ. ಮನೆಯಲ್ಲಿ ಚಕ್ಕುಲಿ, ಹಲಸಿನ ಹಪ್ಪಳ, ಕಬ್ಬು ಇವನ್ನು ಎರಡು ವರ್ಷ ಮಗಳ ಕೈಗೆ ಸಿಗದಂತೆ ಇಡಿ. ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತು ಬರುವುದು ಹೆಚ್ಚಾಗಿ ಅವುಗಳಿಂದಲೇ.

ಕುಮಟಾ ಅಮ್ಮ:

ಎಲ್ಲರಿಗೂ ತುಂಬಾ ಧನ್ಯವಾದ. ರೈಡರ್ ತೆಗೆಯಲು ಕಂಪನಿಗೆ ಇ-ಮೇಲ್ ಕಳಿಸಿದ್ದೇವೆ, ಸ್ವೀಕರಿಸಿದ್ದೇವೆ ಎಂಬ ಉತ್ತರವೂ ಬಂದಿದೆ. ಪಾಲಿಸಿ ಇಟ್ಟುಕೊಳ್ಳುತ್ತೇವೆ. ಲೋಹದ ಕ್ಲಿಪ್ಪನ್ನೇ ಇಲ್ಲೇ ಹಾಕಿಸುವುದು ಎಂದು ಮಾತಾಗಿದೆ. ಡಾಕ್ಟರ್ ಮೊದಲಿಗೆ 15 ಸಾವಿರ, ಆಮೇಲೆ ಪ್ರತಿ ಭೇಟಿಗೆ 2,000ದ ಹಾಗೆ ಕಟ್ಟಿ ಎಂದಿದ್ದಾರೆ. ಫೈನಾನ್ಸಿನವರು ಬಡ್ಡಿ ಇಲ್ಲದ ಕಂತು ಅಂತ ಫೋನ್ ಮಾಡುತ್ತಿದ್ದಾರೆ. ಅದು ಬೇಕೇ?

ಶಿರಸಿ ತೋಟದವ:

ಬೇಡ. ಡಾಕ್ಟರೇ ಕಂತಿಗೆ ಒಪ್ಪಿರುವಾಗ ಮಧ್ಯೆ ಸಾಲದವರು ಯಾಕೆ? ಫೈನಾನ್ಸ್ ಕಂಪನಿ ಪೂರ್ತಿ ಹಣವನ್ನು ಕ್ಲಿನಿಕ್ಕಿಗೆ ಮೊದಲೇ ಕೊಟ್ಟುಬಿಡುತ್ತದೆ. ನಾಳೆ ಡಾಕ್ಟರ್ ಊರು ಬಿಟ್ಟರೂ ನಿಮ್ಮ ಕಂತು ನಿಲ್ಲುವುದಿಲ್ಲ. ಭೇಟಿಗೆ ಇಷ್ಟು ಎಂದು ಕಟ್ಟುವಾಗ ಕೆಲಸ ಆದಷ್ಟಕ್ಕೇ ಹಣ ಹೋಗುತ್ತದೆ.

ಹಲ್ಲುವೈದ್ಯೆ (ಹೊನ್ನಾವರ):

ಹೌದು. ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. 45 ಸಾವಿರದಲ್ಲಿ ಏನೇನು ಸೇರಿದೆ, ಬ್ರಾಕೆಟ್ ಕಿತ್ತರೆ ಮತ್ತೆ ಹಾಕಲು ಎಷ್ಟು, ಮಧ್ಯದಲ್ಲಿ ಬೇರೆ ಊರಿಗೆ ಹೋಗಬೇಕಾದರೆ ಲೆಕ್ಕ ಹೇಗೆ. ಮುಖ್ಯವಾಗಿ ರಿಟೇನರ್ ಸೇರಿದೆಯೇ ಎಂದು ಕೇಳಿ. ಕ್ಲಿಪ್ ತೆಗೆದ ಮೇಲೆ ಹಾಕಿಕೊಳ್ಳುವ ಸಾಧನ ಅದು. ಹಾಕಿಕೊಳ್ಳದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಸರಿಯತೊಡಗುತ್ತದೆ. ಎಷ್ಟೋ ಕಡೆ ಅದರ ಬಿಲ್ ಬೇರೆ ಬರುತ್ತದೆ. ಮೊದಲ ಎಕ್ಸ್‌ರೇ, ಹಲ್ಲಿನ ಅಚ್ಚು, ಫೋಟೋಗಳ ಪ್ರತಿ ನಿಮ್ಮ ಹತ್ತಿರವೂ ಇರಲಿ.

ಕುಮಟಾ ಅಮ್ಮ:

ಸರಿ ಡಾಕ್ಟರೇ. ಸೋಮವಾರ ಹೋಗುತ್ತಿದ್ದೇವೆ, ಇಷ್ಟನ್ನೂ ಬರೆದುಕೊಂಡು ಹೋಗುತ್ತೇನೆ. ರೈಡರಿನ ಹಣ ವಾಪಸ್ ಬಂದರೂ ಬಾರದಿದ್ದರೂ ಇಲ್ಲಿ ತಿಳಿಸುತ್ತೇನೆ, ಬೇರೆಯವರಿಗೆ ಬೇಕಾಗುತ್ತದೆ.